ನೂರರ ಗಂಟೆ

ಹೊಸ ಪಿನ್‌ಬಾಲ್ ಯಂತ್ರ ಕೆಟ್ಟರೆ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ಸ್ವಿಚ್ ಹಾಕಿ ಅರ್ಧ ನಿಮಿಷ ಕಾದರೆ ಪರದೆಯ ಮೇಲೆ ಪಟ್ಟಿ ಬರುತ್ತದೆ. ಇಂಥ ಸ್ವಿಚ್ ಅಂಟಿಕೊಂಡಿದೆ, ಇಂಥ ಕಾಯಿಲ್‌ಗೆ ಕರೆಂಟು ಹೋಗುತ್ತಿಲ್ಲ, ಇಂಥ ಬೋರ್ಡು ಉತ್ತರ ಕೊಡುತ್ತಿಲ್ಲ. ನಾನು ಬೋರ್ಡು ಬದಲಿಸುತ್ತೇನೆ, ಪಟ್ಟಿ ಖಾಲಿಯಾಗುತ್ತದೆ, ಸಹಿ ಹಾಕಿಸಿಕೊಂಡು ಬರುತ್ತೇನೆ. ಸೂರತ್ ಊರಂಚಿನ ಉಧ್ನಾದಲ್ಲಿರುವ ನಮ್ಮ ಕಂಪನಿ ಸೂರತ್, ವಡೋದರಾ, ಅಹಮದಾಬಾದಿನ ಮಾಲ್‌ಗಳಿಗೆ ಆಟದ ಯಂತ್ರಗಳನ್ನು ಕೊಡುತ್ತದೆ. ಅವು ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹಿಂದಿನ ಕಾಲದ ಯಂತ್ರವೇ ಯಂತ್ರ ಎಂದು ಕಣ್ಣು ತೇವ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥ ಯಂತ್ರದೊಳಗೆ ಮೊಣಕೈವರೆಗೆ ಕೈಹಾಕಿದವನು ಆ ಮಾತು ಆಡುವುದಿಲ್ಲ. ಮುಂದೆ ಬರೆಯುವುದನ್ನು ಓದಿ ನಾನೂ ಆ ಗುಂಪಿನವನು ಎಂದು ಯಾರೂ ತಿಳಿಯಬಾರದೆಂದು ಇಷ್ಟನ್ನು ಮೊದಲೇ ಹೇಳಿಬಿಟ್ಟೆ.

ಹೋದ ಶ್ರಾವಣದಲ್ಲಿ ವಡೋದರಾದಿಂದ ಒಂದು ಫೋನು ಬಂತು. ಸ್ಟೇಷನ್ ಕಡೆಯ ಒಂದು ಉಡುಪಿ ಹೋಟೆಲಿನ ಮಾಲೀಕ. ಹಿಂದಿಯಲ್ಲಿ ಶುರುಮಾಡಿದವನು ನಾನು ಧಾರವಾಡದ ಕಡೆಯವನೆಂದು ಗೊತ್ತಾದ ಮೇಲೆ ಕನ್ನಡಕ್ಕೆ ಬಂದ. ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ ಆದ್ದರಿಂದ ಅವನ ಕನ್ನಡದಲ್ಲಿ ಎರಡು ಶಬ್ದಕ್ಕೆ ಒಂದು ಹಿಂದಿಯದು, ಆಗೀಗ ಒಂದು ಗುಜರಾತಿಯದು. ಹೋಟೆಲಿನಲ್ಲಿ ಅಮ್ಮನದೊಂದು ಹಳೆಯ ಪಿನ್‌ಬಾಲ್ ಯಂತ್ರ ಇದೆ, ನಿಂತುಹೋಗಿ ವರ್ಷವಾಗುತ್ತ ಬಂತು, ಮಾಲಿನವರು ನಿಮ್ಮ ನಂಬರು ಕೊಟ್ಟರು ಎಂದ. ದಸರೆಯೊಳಗೆ ಸರಿಹೋದರೆ ಸರಿ, ಇಲ್ಲದಿದ್ದರೆ ಆ ಮೂಲೆಯಲ್ಲಿ ಪಾರ್ಸೆಲ್ ಕಟ್ಟುವ ಮೇಜು ಹಾಕಬೇಕು, ಈಗ ಅರ್ಧ ವ್ಯಾಪಾರ ಮೊಬೈಲಿನ ಆರ್ಡರಿನದೇ ಎಂದೂ ಸೇರಿಸಿದ. ಕೆಟ್ಟ ಮಗನಲ್ಲ, ಮೂಲೆ ಬೇಕಿತ್ತು ಅಷ್ಟೆ.

ನಾನು ಹೋದದ್ದು ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ, ಊಟದ ಗಲಾಟೆ ಮುಗಿದು ಸಂಜೆಯ ದೋಸೆ ಇನ್ನೂ ಶುರುವಾಗದ ಹೊತ್ತು. ಕೈತೊಳೆಯುವ ಬೇಸಿನ್ ಪಕ್ಕದ ಮೂಲೆಯಲ್ಲಿ ಯಂತ್ರ ಇತ್ತು. ಐವತ್ತು ವರ್ಷಕ್ಕೆ ಕಡಿಮೆಯಿಲ್ಲದ್ದು. ಮಾಲೀಕನ ತಂದೆ ಅದನ್ನು ಅಲಂಗ್‌ನಿಂದ ತಂದಿದ್ದರು. ಅಲ್ಲಿ ಒಡೆಯಲು ಬಂದ ಹಡಗುಗಳ ಮಂಚ, ಕುರ್ಚಿ, ಪಾತ್ರೆಗಳನ್ನು ರಸ್ತೆಯುದ್ದಕ್ಕೂ ಮಾರುತ್ತಾರೆ. ಹೋಟೆಲಿಗೆ ಸ್ಟೀಲಿನ ಮೇಜು ತರಲು ಹೋದವರು ಮೇಜಿನ ಜೊತೆ ಇದನ್ನೂ ಲಾರಿಗೆ ಏರಿಸಿಕೊಂಡು ಬಂದರಂತೆ. ತೂಗಾಡುವ ಹಡಗಿನಲ್ಲಿ ಇದನ್ನು ಯಾರು ಹೇಗೆ ಆಡಿದರೋ ದೇವರೇ ಬಲ್ಲ.

ಪಿನ್‌ಬಾಲ್ ನೋಡದವರಿಗಾಗಿ ಒಂದು ಮಾತು. ಗಾಜು ಮುಚ್ಚಿದ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಉರುಳಿ ಬರುತ್ತದೆ. ಅದು ಕೆಳಗಿನ ತೂತಿಗೆ ಬೀಳದಂತೆ ಎರಡು ಪಕ್ಕದ ಬಟನ್ ಒತ್ತಿ ಎರಡು ಪುಟ್ಟ ರೆಕ್ಕೆಗಳಿಂದ ಹೊಡೆದು ಮೇಲಕ್ಕೆ ಕಳಿಸುತ್ತಿರಬೇಕು. ಆ ರೆಕ್ಕೆಗಳಿಗೆ ಫ್ಲಿಪರ್ ಎನ್ನುತ್ತಾರೆ. ದಾರಿಯಲ್ಲಿ ರಬ್ಬರು ಸುತ್ತಿದ ಬಂಪರ್‌ಗಳಿವೆ, ತಾಗಿದರೆ ಚೆಂಡನ್ನು ಒದೆಯುತ್ತವೆ, ಅಂಕ ಸಿಗುತ್ತದೆ. ಇಷ್ಟೇ ಆಟ. ಹಳೆಯದಕ್ಕೂ ಹೊಸದಕ್ಕೂ ಇದರಲ್ಲಿ ವ್ಯತ್ಯಾಸವಿಲ್ಲ.

ಮಾಲೀಕನ ತಾಯಿ ಯಂತ್ರದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನನಗಾಗಿ ಕಾಯುತ್ತಿದ್ದರು. ಕುಂದಾಪುರದ ಕಡೆಯವರು, ಎಪ್ಪತ್ತರ ಹತ್ತಿರ. ನಾನು ನಮಸ್ಕಾರ ಅಂದಾಗ ನನ್ನ ಭುಜದ ಆಚೆ ನೋಡಿ ನಕ್ಕರು. ಆಗಲೇ ನನಗೆ ಗೊತ್ತಾದದ್ದು. ಅವರ ಎರಡೂ ಕಣ್ಣಿನ ನಡುಭಾಗ ಹೋಗಿತ್ತು, ಅಂಚಿನಲ್ಲಿ ಬೆಳಕು ನೆರಳು ಮಾತ್ರ ಉಳಿದಿತ್ತು. ಒಂದು ಕಾಲಕ್ಕೆ ಸಾಂಬಾರಿನ ಮಸಾಲೆಯೆಲ್ಲ ಅವರದೇ ಕೈಯಂತೆ. ಈಗ ಅಡುಗೆಮನೆಗೆ ಬಿಡುವುದಿಲ್ಲ, ಬಿಸಿ ಎಣ್ಣೆ ಇರುತ್ತದೆ. ತರಕಾರಿ ಕತ್ತರಿಸಲು ಬಿಡುವುದಿಲ್ಲ, ಕತ್ತಿ ಇರುತ್ತದೆ.

ಕುರುಡರು ಪಿನ್‌ಬಾಲ್ ಆಡುವುದೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡದ್ದು ಅವರಿಗೆ ಹೇಗೆ ತಿಳಿಯಿತೋ. ಗಾಜು ತೆಗೆದು ಚೆಂಡು ಬಿಡಿ ಎಂದರು. ಕರೆಂಟಿಲ್ಲದ ಯಂತ್ರ. ನಾನು ಹಲಗೆಯ ಮೇಲಿಂದ ಚೆಂಡನ್ನು ಬೇಕೆಂದೇ ಓರೆಯಾಗಿ ಉರುಳಿಸಿದೆ.

"ಎಡಗಡೆ ಕಂಬಿಗೆ ತಾಗಿತು. ಈಗ ಕೆಳಗಿನ ಬಂಪರಿನ ಹತ್ರ ಉಂಟು. ಈಗ ಬಲಗಡೆ ದಾರಿಯಲ್ಲಿ ಬರ್ತಾ ಉಂಟು," ಎಂದರು. ಒಂದು ಮಾತೂ ತಪ್ಪಲಿಲ್ಲ.

ಮರದ ಮೇಲೆ ಉರುಳುವ ಚೆಂಡಿನ ಸದ್ದು ಅವರಿಗೆ ದಾರಿ ಹೇಳುತ್ತಿತ್ತು. ಬಂಪರ್ ಒದೆಯುವ ಸದ್ದು ಅದು ಇರುವ ಜಾಗದಿಂದಲೇ ಬರುತ್ತದೆ. ಅಂಕ ಎಷ್ಟು ಎಂಬುದನ್ನು ಕೆಳಗಿನ ಪೆಟ್ಟಿಗೆಯಲ್ಲಿರುವ ಮೂರು ಲೋಹದ ಪಟ್ಟಿಗಳು ಹೇಳುತ್ತವೆ. ಹತ್ತಕ್ಕೆ ಒಂದು ಸ್ವರ, ನೂರಕ್ಕೆ ಒಂದು, ಸಾವಿರಕ್ಕೆ ಒಂದು. ಅವರು ಅವನ್ನು ಹತ್ತರ ಗಂಟೆ, ನೂರರ ಗಂಟೆ, ಸಾವಿರದ ಗಂಟೆ ಎನ್ನುತ್ತಿದ್ದರು. ಇಪ್ಪತ್ತೈದು ವರ್ಷ ದಿನಾ ಮಧ್ಯಾಹ್ನ ಆಡಿದವರಿಗೆ ಕಣ್ಣು ಹೋದದ್ದು ಆಟಕ್ಕೆ ಅಷ್ಟೇನೂ ಅಡ್ಡಿಯಾಗಿರಲಿಲ್ಲ. ಅಂಕ ಮನಸ್ಸಿನಲ್ಲೇ ಕೂಡಿಕೊಳ್ಳುತ್ತಿದ್ದರಂತೆ.

ನಾನು ಹೊರಡುವ ಮುಂಚೆ ಅವರು ಒಂದೇ ಮಾತು ಹೇಳಿದರು. "ಮನೆಯಲ್ಲಿ ಎಲ್ಲದಕ್ಕೂ ಬೇಡ ಅಮ್ಮ, ಬೇಡ ಅಮ್ಮ ಅಂತಾರೆ. ಇದಕ್ಕೆ ಮಾತ್ರ ಯಾರೂ ಬೇಡ ಹೇಳುದಿಲ್ಲ. ಆಗ್ತದಾ ನೋಡಿ ಮಾರಾಯ್ರೆ."

ಆಗ್ತದ್ರಿ ಅಮ್ಮಾರ ಎಂದೆ. ಅಷ್ಟು ಬೇಗ ಹೇಳಬಾರದಿತ್ತು.

ಮುಂದಿನ ಭಾನುವಾರ ಸಾಮಾನು ಕಟ್ಟಿಕೊಂಡು ಸೂರತ್‌ನಿಂದ ಬೆಳಗಿನ ರೈಲು ಹಿಡಿದೆ. ಮೊದಲ ದಿನ ಬರೀ ನೋಡುವುದರಲ್ಲೇ ಹೋಯಿತು. ಹೊಸ ಯಂತ್ರದ ಹೊಟ್ಟೆಯಲ್ಲಿ ಅಂಗೈಯಷ್ಟು ಅಗಲದ ಕೆಲವು ಬೋರ್ಡುಗಳು, ಅವುಗಳ ನಡುವೆ ತೆಳ್ಳನೆಯ ಕೇಬಲ್. ಇದರ ಹೊಟ್ಟೆಯಲ್ಲಿ ಬೋರ್ಡು ಎಂಬುದೇ ಇಲ್ಲ. ಬಟ್ಟೆ ಸುತ್ತಿದ ನೂರಕ್ಕೂ ಹೆಚ್ಚು ತಂತಿಗಳು ಒಂದೇ ಹಗ್ಗದಂತೆ ಕಟ್ಟಿಕೊಂಡು ಪೆಟ್ಟಿಗೆಯುದ್ದಕ್ಕೂ ಓಡುತ್ತವೆ. ತಂತಿಗೆ ಎರಡೆರಡು ಬಣ್ಣ, ಆ ಬಣ್ಣವೇ ಅದರ ಹೆಸರು. ಚೆಂಡು ಬಂಪರಿಗೆ ತಾಗಿದರೆ ಒಂದು ರಿಲೇ ಸೆಳೆಯುತ್ತದೆ, ಅಂದರೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಅಯಸ್ಕಾಂತವಾಗಿ ಒಂದು ತಗಡನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ತಗಡಿನ ಜೊತೆ ಹಿತ್ತಾಳೆಯ ಎಲೆಗಳು ಒಂದಕ್ಕೊಂದು ತಾಗಿ ಗಂಟೆಗೂ ಅಂಕದ ಚಕ್ರಕ್ಕೂ ಕರೆಂಟು ಕೊಡುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ತಗಡು ವಾಪಸ್ ಬಿಡಬೇಕು. ಬಿಟ್ಟರೆ ಆಟ, ಬಿಡದಿದ್ದರೆ ಬೆಂಕಿ. ಹೊಸ ಯಂತ್ರದಲ್ಲಿ ಕಾಯಿಲ್ ಎಷ್ಟು ಹೊತ್ತು ಎಳೆಯಬೇಕೆಂದು ಬೋರ್ಡು ಲೆಕ್ಕ ಇಡುತ್ತದೆ, ಮೀರಿದರೆ ತಾನೇ ಕತ್ತರಿಸುತ್ತದೆ. ಇಲ್ಲಿ ಅದನ್ನು ನೋಡಿಕೊಳ್ಳುವ ದಿಕ್ಕಿಲ್ಲ.

ಇನ್ನೊಂದು ಸಂಗತಿ ನನಗೆ ಆಗಲೇ ಹಿಡಿಸಿತ್ತು. ಅಂಕ ಒಂದಾದ ಮೇಲೊಂದು ಬೀಳುವಂತೆ ಮಾಡುವ ಮೋಟಾರು ಅಮೆರಿಕದ ಕರೆಂಟಿಗೆ ಮಾಡಿದ್ದು. ನಮ್ಮ ಕರೆಂಟಿನ ಆವರ್ತನ ಅಲ್ಲಿಗಿಂತ ಕಡಿಮೆ, ಇಲ್ಲಿ ಅದು ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ. ವೋಲ್ಟೇಜ್ ಇಳಿಸಲು ಟ್ರಾನ್ಸ್‌ಫಾರ್ಮರ್ ಇಟ್ಟಿದ್ದರು, ವೇಗಕ್ಕೆ ಏನೂ ಮಾಡಿರಲಿಲ್ಲ. ಹಾಗಾಗಿ ಐನೂರು ಅಂಕ ಬಂದಾಗ ಐದು ಗಂಟೆಗಳು ಬೇರೆಲ್ಲಿಗಿಂತ ಇಲ್ಲಿ ಸಾವಕಾಶವಾಗಿ ಬೀಳುತ್ತವೆ. ಸರಿಮಾಡಲೇ ಎಂದು ಅಮ್ಮನನ್ನು ಕೇಳಿದೆ. ಅದರ ನಡಿಗೆ ಅದೇ, ಬೇಡ ಎಂದರು.

ಎರಡು ಭಾನುವಾರ ರಿಲೇಗಳನ್ನು ಒಂದೊಂದಾಗಿ ಶುಚಿಮಾಡಿದೆ. ದಪ್ಪ ಕಾಗದದ ಪಟ್ಟಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಎರಡು ಎಲೆಗಳ ನಡುವೆ ಇಟ್ಟು, ಎಲೆಯನ್ನು ಒತ್ತಿ ಹಿಡಿದು ಎಳೆಯಬೇಕು. ಪ್ರತಿ ಸಲವೂ ಕಾಗದ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟು ವರ್ಷದ ಒಗ್ಗರಣೆಯ ಹಬೆ. ಮೂಗಿಗೆ ಸಾಸಿವೆಯ ವಾಸನೆಯೇ ಬರುತ್ತಿತ್ತು ಅಂದರೆ ನಂಬಲಿಕ್ಕಿಲ್ಲ.

ಎರಡನೆಯ ಭಾನುವಾರ ಪೆಟ್ಟಿಗೆಯ ಪುಟ್ಟ ಮುಂಬಾಗಿಲಿನ ಹತ್ತಿರದ ರಿಲೇಗೆ ಬಂದೆ. ಅದರ ತಗಡಿನ ಮೇಲೆ ಎಣ್ಣೆಯಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮದ ದೊಡ್ಡ ಬೊಟ್ಟು. ಒಣಗಿ ಗಟ್ಟಿಯಾಗಿ ಅಂಚಿನಿಂದ ಒಳಕ್ಕೂ ಇಳಿದಿತ್ತು. ನಾನು ಕಾಗದ ಅದ್ದುವ ಸದ್ದಿಗೆ ಅಮ್ಮ ತಲೆ ಎತ್ತಿದರು. ಬಾಗಿಲ ಹತ್ರದ್ದಾ ಎಂದು ಕೇಳಿದರು. ಹೌದೆಂದೆ.

"ಅದೊಂದನ್ನು ಒರೆಸಬೇಡಿ. ಅದು ನೂರರ ಗಂಟೆಯದ್ದು. ಆಯುಧಪೂಜೆಗೆ ಅವರು ಅದಕ್ಕೇ ಇಡ್ತಾ ಇದ್ದದ್ದು, ನನಗೆ ಆ ಸ್ವರ ಇಷ್ಟ ಅಂತ. ಅದು ಅವರು ಕೊನೆಗೆ ಇಟ್ಟದ್ದು."

ಅವರ ಗಂಡ ತೀರಿಕೊಂಡು ಆಗ ಒಂದೂಮುಕ್ಕಾಲು ವರ್ಷ. ನನ್ನ ಕೈಯಲ್ಲಿ ಒದ್ದೆ ಕಾಗದ ಹಾಗೇ ಇತ್ತು. ತಗಡನ್ನು ಬೆರಳಿನಿಂದ ಒತ್ತಿ ನೋಡಿದೆ, ಕೊಂಚ ತಡವಾಗಿ ವಾಪಸ್ ಬಂತು. ಬಂತಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಮ್ಮ ಮನೆಗಳಲ್ಲಿ ಕುಂಕುಮ ಒರೆಸುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಗಂಡ ಹೋದ ಹೆಂಗಸಿನ ಎದುರಿಗೆ ಅವನೇ ಇಟ್ಟ ಬೊಟ್ಟನ್ನು ಸ್ಪಿರಿಟ್ ಹಾಕಿ ಉಜ್ಜಲು ನನ್ನ ಕೈ ಏಳಲಿಲ್ಲ. ಬೇರೆ ಯಾವ ದೇಶದ ಮೆಕ್ಯಾನಿಕ್ ಆಗಿದ್ದರೂ ಒರೆಸಿ ಮುಂದೆ ಹೋಗುತ್ತಿದ್ದ.

"ಅದಕ್ಕ ಕೈ ಹಚ್ಚೂದಿಲ್ರಿ ಅಮ್ಮಾರ," ಎಂದೆ.

ಇನ್ನೊಂದು ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳಬೇಕು, ಇದಕ್ಕೆ ಭಕ್ತಿಯ ನೆಪವೂ ಇಲ್ಲ. ಕಾಯಿಲ್‌ಗಳ ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾವ ಕಾಲದಲ್ಲೋ ದಪ್ಪ ತಾಮ್ರದ ತಂತಿ ಸುತ್ತಿದ್ದರು. ನನ್ನ ಚೀಲದಲ್ಲಿದ್ದ ಫ್ಯೂಸ್‌ಗಳೆಲ್ಲ ಹೊಸ ಯಂತ್ರದವು, ಅಳತೆ ಗಿಡ್ಡ, ಈ ಹಿಡಿಕೆಯಲ್ಲಿ ಕೂರುವುದಿಲ್ಲ. ಮುಂದಿನ ಸಲ ಸೂರತ್‌ನಿಂದ ಉದ್ದದ್ದು ತರೋಣ ಎಂದುಕೊಂಡೆ. ಮುಂದಿನ ಸಲ ಮರೆತೆ.

ಮೂರನೆಯ ಭಾನುವಾರ ಮೂರೂವರೆಗೆ ಯಂತ್ರಕ್ಕೆ ಜೀವ ಬಂತು. ಸ್ವಿಚ್ ಹಾಕಿದಾಗ ಅಂಕದ ಚಕ್ರಗಳು ಟಕಟಕ ತಿರುಗಿ ಸೊನ್ನೆಗೆ ಬಂದು ನಿಂತವು. ಅಮ್ಮ ಸ್ಟೂಲಿನಿಂದ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರು. ಆಡುವಾಗ ಅವರ ಮುಖ ಯಂತ್ರದ ಕಡೆಗೆ ಇರಲಿಲ್ಲ, ಬಲಗಿವಿ ಇತ್ತು. ಚೆಂಡು ಬರುವ ಮೊದಲೇ ಬೆರಳು ಒತ್ತುತ್ತಿತ್ತು. ಪಾತ್ರೆ ತೊಳೆಯುವವರು, ಮಾಣಿಗಳು ಬಂದು ಸುತ್ತ ನಿಂತರು. ಮೊದಲ ಆಟ ಮುಗಿದಾಗ ಅವರೇ ಅಂಕ ಹೇಳಿದರು, ನಾನು ಚಕ್ರ ನೋಡಿದೆ, ಸರಿಯಾಗಿತ್ತು. ಮಗನೂ ಕ್ಯಾಶ್ ಬಿಟ್ಟು ಬಂದು ನೋಡಿದ. ಸರಿ, ಮೇಜನ್ನು ಬೇರೆ ಕಡೆ ಹಾಕೋಣ ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ. ನನಗೆ ಹೆಮ್ಮೆ ತಲೆಗೇರಿತು. ಯಂತ್ರವನ್ನು ಅವರ ಕೈಗೆ ಬಿಟ್ಟು, ಕಾಫಿ ಕುಡಿಯಲು ಮಗನ ಜೊತೆ ಅಡುಗೆಮನೆಯ ಕಟ್ಟೆಗೆ ಹೋದೆ.

ಹೊಸ ಯಂತ್ರಗಳ ಜೊತೆ ಬದುಕಿದವನ ಚಾಳಿ ಅದು. ಹೆಚ್ಚುಕಡಿಮೆಯಾದರೆ ಅದೇ ನಿಲ್ಲಿಸಿಕೊಳ್ಳುತ್ತದೆ ಎಂಬ ನಂಬಿಕೆ ನನ್ನ ಮೈಯಲ್ಲಿ ಸೇರಿಹೋಗಿತ್ತು.

ಮೊದಲು ಸುಟ್ಟ ವಾಸನೆ ಬಂತು. ದೋಸೆಯ ಕಾವಲಿಯದು ಎಂದುಕೊಂಡೆ. ಆಮೇಲೆ ಅಮ್ಮ ನನ್ನನ್ನು ಕರೆದರು, ಅದೂ ಕೂಗಿ ಅಲ್ಲ. ಹೋಗಿ ನೋಡಿದರೆ ಮುಂಬಾಗಿಲಿನ ಸಂದಿಯಿಂದ ಬಿಳಿ ಹೊಗೆ. ನಾನು ಪ್ಲಗ್ ಕಿತ್ತೆ, ಮಾಣಿಯೊಬ್ಬ ಒದ್ದೆ ಗೋಣಿ ತಂದ. ಬೆಂಕಿ ಹತ್ತಲಿಲ್ಲ, ಆದರೆ ಒಳಗೆ ಉಳಿದದ್ದು ಹೆಚ್ಚೇನೂ ಇರಲಿಲ್ಲ. ನೂರರ ಗಂಟೆಯ ಕಾಯಿಲ್ ಕರಗಿ ಉಂಡೆಯಾಗಿತ್ತು. ಕತ್ತರಿಸಿಕೊಳ್ಳಬೇಕಾದ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ತಣ್ಣಗೆ ಕೂತಿತ್ತು. ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಆ ತಂತಿಗಳ ಹಗ್ಗ ಉದ್ದಕ್ಕೂ ಕರಿಕು. ಕುಂಕುಮದ ರಿಲೇ ತಗಡನ್ನು ಹಿಡಿದುಕೊಂಡೇ ಇತ್ತು, ನಾನು ಬೆರಳಿನಿಂದ ಎಬ್ಬಿಸಿದ ಮೇಲೆ ಬಿಟ್ಟಿತು.

ಅಮ್ಮ ಗೋಡೆಗೆ ಆನಿಕೊಂಡು ನಿಂತಿದ್ದರು. "ನೂರರ ಗಂಟೆ ಬಾರಿಸಿತು. ಬಾರಿಸಿದ ಮೇಲೆ ಬಡಿಯುವ ಕಡ್ಡಿ ಟಕ್ ಅಂತ ಕೆಳಗೆ ಬೀಳಬೇಕು, ಬೀಳಲಿಲ್ಲ. ನಾನು ಕಾದೆ, ಬೀಳ್ತದೆ ಅಂತ. ಎಂತದರಿಂದ ಆದದ್ದು?"

ವೋಲ್ಟೇಜ್ ಏರಿತ್ತು ಎಂದೆ. ಮಗ ನಂಬಿದ, ಆ ಏರಿಯಾದಲ್ಲಿ ಹಾಗೇ ಎಂದು ವಿದ್ಯುತ್ ಇಲಾಖೆಗೆ ಬೈದ. ಅಮ್ಮ ಕೈಚಾಚಿ ಮುಂಬಾಗಿಲಿನ ಬಿಸಿ ಮುಟ್ಟಿ ನೋಡಿದರು. ರೈಲಿನಲ್ಲಿ ಬರುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಟ್ರಾನ್ಸ್‌ಫಾರ್ಮರನ್ನೂ ಕಾಯಿಲನ್ನೂ ಬಿಚ್ಚಿ ಜೊತೆಗೇ ತಂದಿದ್ದೆ. ಉಧ್ನಾದಲ್ಲಿ ಮಗ್ಗದ ಮೋಟಾರು ಕಟ್ಟುವ ಒಬ್ಬ ಕಾಕಾ ಇದ್ದಾರೆ, ತಾಮ್ರದ ತಂತಿಯಲ್ಲಿ ಅವರಿಂದ ಆಗದ್ದಿಲ್ಲ. ಕಾಯಿಲನ್ನು ಎರಡು ದಿನದಲ್ಲಿ ಸುತ್ತಿಕೊಟ್ಟರು. ಟ್ರಾನ್ಸ್‌ಫಾರ್ಮರ್ ಬಿಚ್ಚಿ ನೋಡಿ, ಇದನ್ನೂ ಸುತ್ತುತ್ತೇನೆ, ಆದರೆ ಇದು ಹೋಗಿ ಕೂರುವ ಮನೆ ಉಳಿದಿದೆಯೇ ಎಂದು ಗುಜರಾತಿಯಲ್ಲಿ ಕೇಳಿದರು. ಅದೇ ಪ್ರಶ್ನೆ. ಮತ್ತೆರಡು ಭಾನುವಾರ ನಾನು ವಡೋದರಾದಲ್ಲಿ ಆ ಕರಿ ಹಗ್ಗದ ಮುಂದೆ ಮೀಟರ್ ಹಿಡಿದು ಕೂತೆ. ಇದೇ ತಯಾರಕರ ಇನ್ನೊಂದು ಯಂತ್ರದ ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತ್ತು. ನಕ್ಷೆ ಕೆಂಪು ಬಿಳಿ, ಹಳದಿ ಕಪ್ಪು ಎನ್ನುತ್ತದೆ, ನನ್ನ ಕೈಯಲ್ಲಿ ಎಲ್ಲವೂ ಕಪ್ಪು. ಬೆರಳು ತಾಗಿದಲ್ಲಿ ಬಟ್ಟೆ ಬೂದಿಯಾಗಿ ಉದುರಿ ತಂತಿಗಳು ಒಂದಕ್ಕೊಂದು ತಾಗುತ್ತಿದ್ದವು. ನಲವತ್ತರಷ್ಟು ಪತ್ತೆಮಾಡಿದೆ. ಆಮೇಲೆ ಕಂಡದ್ದು, ಚೆಂಡುಗಳ ಲೆಕ್ಕ ಇಡುವ, ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಯೂ ಸುಟ್ಟಿತ್ತು. ಸುಟ್ಟ ಬೇಕಲೈಟಿನ ಮೇಲೆ ಕರೆಂಟು ಬೇಡವಾದ ಕಡೆಗೆಲ್ಲ ಹರಿಯುತ್ತದೆ. ಕೆರೆದೆ, ವಾರ್ನಿಷ್ ಹಚ್ಚಿದೆ, ಮೀಟರ್ ಮತ್ತೆ ಅದನ್ನೇ ತೋರಿಸಿತು. ಅದರ ಬದಲಿ ತಟ್ಟೆ ಎಲ್ಲಿಯೂ ಸಿಗಲಿಲ್ಲ.

ಆ ಸಂಜೆ ನಾನು ಮೀಟರನ್ನು ಚೀಲಕ್ಕೆ ಹಾಕಿ ಇದು ಸಾಕು ಎಂದು ತೀರ್ಮಾನಿಸಿದೆ. ಹಳೆಯದನ್ನು ಬಿಟ್ಟು ಹೊಸ ಯಂತ್ರ ತಂದುಕೊಡುವುದು. ದಸರೆಗೆ ಇನ್ನು ಎರಡೇ ವಾರ ಇತ್ತು. ಅಹಮದಾಬಾದಿನ ಒಂದು ಗೇಮ್ ಝೋನ್ ಮುಚ್ಚಿ, ಅಲ್ಲಿನ ಪಿನ್‌ಬಾಲ್ ಗೋದಾಮಿಗೆ ವಾಪಸ್ ಬರುವುದಿತ್ತು. ಸದ್ಯಕ್ಕೆ ಅಲ್ಲಿರಲಿ ಎಂದು ನಮ್ಮ ಸೇಠರು ಒಪ್ಪಿದರು. ಟೆಂಪೋದಲ್ಲಿ ಅಹಮದಾಬಾದಿನಿಂದ ನೇರವಾಗಿ ವಡೋದರಾಕ್ಕೆ ತಂದು ಇಳಿಸಿದೆ. ಹಳೆಯದನ್ನು ಹಿತ್ತಲ ಬಾಗಿಲಿನ ಗೋಡೆಗೆ ಸರಿಸಿದೆವು. ನಿಜ ಹೇಳುತ್ತೇನೆ, ಆಗ ನನಗೆ ಹಗುರ ಎನಿಸಿತ್ತು. ಇದು ನನ್ನ ಕೈಯಲ್ಲಿರುವ ಯಂತ್ರ. ಇಳಿಜಾರು ಕಡಿಮೆ ಮಾಡಿದೆ, ಹಿನ್ನೆಲೆಯ ಸಂಗೀತ ತೆಗೆದೆ, ಚೆಂಡು ಬೇಗ ಬಿದ್ದರೆ ಮತ್ತೆ ಕೊಡುವ ಸೌಲಭ್ಯವನ್ನು ಹೆಚ್ಚಿಸಿದೆ. ಕಣ್ಣಿಲ್ಲದವರಿಗಾಗಿ ಒಂದು ಯಂತ್ರವನ್ನು ಎಷ್ಟು ಹದಮಾಡಬಹುದೋ ಅಷ್ಟೂ ಮಾಡಿದೆ.

ಅಮ್ಮ ಸ್ಪ್ರಿಂಗಿನ ಹಿಡಿಗಾಗಿ ತಡಕಾಡಿದರು. ಹಿಡಿ ಇಲ್ಲ, ಬಟನ್ ಇದೆ ಎಂದು ಅವರ ಬೆರಳನ್ನು ಅಲ್ಲಿಗೆ ಇಟ್ಟೆ. ಒತ್ತಿದರು. ಚೆಂಡು ಹೋಯಿತು. ಬಂಪರಿಗೆ ತಾಗಿದರೆ ಸ್ಪೀಕರಿನಲ್ಲಿ ಸಿಡಿಲು, ಕಮಾನಿಗೆ ತಾಗಿದರೆ ಸ್ಪೀಕರಿನಲ್ಲಿ ಕಹಳೆ. ಎಲ್ಲ ಸದ್ದೂ ಎದುರಿನ ಎರಡು ಸ್ಪೀಕರಿನಿಂದಲೇ. ಅವರು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಚೆಂಡು ಎಲ್ಲಿ ಉಂಟು?" ಎಂದರು. ಅವರ ಬಾಯಲ್ಲಿ ಆ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು.

ಚೆಂಡು ಬಿದ್ದಿತ್ತು. ಯಂತ್ರ ಇನ್ನೊಂದನ್ನು ತಾನೇ ಮೇಲಕ್ಕೆ ಕಳಿಸಿತು. ಬಿದ್ದದ್ದು ನನ್ನದೇ ಅಲ್ಲವೇ, ಮತ್ತೆ ಹೇಗೆ ಬಂತು ಎಂದು ಕೇಳಿದರು. ಬೇಗ ಬಿದ್ದರೆ ಇದು ಮಾಫಿ ಮಾಡುತ್ತದೆ ಎಂದು ವಿವರಿಸಿದೆ. ಮಾಫಿ ನಾನು ಕೇಳಿದೆನಾ ಎಂದರು, ಅಷ್ಟೇ. ನಾನು ಸ್ಪೀಕರುಗಳನ್ನು ಪೂರ್ತಿ ಮುಚ್ಚಿದೆ. ಈಗ ಬರೀ ಚೆಂಡಿನ ಸದ್ದು ಬರಬೇಕು. ಆದರೆ ಇದರಲ್ಲಿ ಚೆಂಡು ಅರ್ಧ ಹೊತ್ತು ಹಲಗೆಯ ಮೇಲೆ ಇರುವುದೇ ಇಲ್ಲ, ಮೇಲುಗಡೆಯ ಪ್ಲಾಸ್ಟಿಕ್ ದಾರಿಗಳಲ್ಲಿ ಹತ್ತಿ ಎಲ್ಲಿಂದಲೋ ಇಳಿಯುತ್ತದೆ. ಇಳಿಜಾರು ಕಡಿಮೆ ಮಾಡಿದ್ದರೂ ಫ್ಲಿಪರಿನ ಹೊಡೆತ ಹೊಸ ಕಾಲದ್ದು. ಮೂರು ಚೆಂಡೂ ಅವರ ಬೆರಳು ಒತ್ತುವ ಮೊದಲೇ ಹೋದವು. ಅಂಕ ಕೋಟಿಯ ಹತ್ತಿರ ಬಂದಿತ್ತು. ಏನೂ ಮಾಡದಿದ್ದರೂ ಈ ಯಂತ್ರ ಅಷ್ಟು ಕೊಡುತ್ತದೆ.

ಗಾಜಿನ ಮೇಲೆ ಅಂಗೈ ಸವರಿ, ಚಂದ ಉಂಟು, ಹುಡುಗರಿಗೆ ಆಗ್ತದೆ ಎಂದು ಹೇಳಿ ಅವರು ಒಳಗೆ ಹೋದರು. ಆಮೇಲೆ ಅದರ ಹತ್ತಿರ ಬರಲಿಲ್ಲ ಎಂದು ಮಗ ಫೋನಿನಲ್ಲಿ ಹೇಳಿದ. ನವಮಿಯ ದಿನ ಟೆಂಪೋ ತಂದು ಎರಡನ್ನೂ ಒಯ್ಯಿರಿ, ಹಳೆಯದನ್ನು ಭಂಗಾರಿಗೆ, ಅಂದರೆ ಗುಜರಿಗೆ, ಹಾಕಿದರೂ ಆಯಿತು, ಮೇಜು ಬಂದಾಗಿದೆ ಎಂದ. ಮೇಜು ಆ ಮೂಲೆಗೆಂದೇ ಬಂದಿತ್ತು.

ನವಮಿಯ ಬೆಳಿಗ್ಗೆ ಹೋದಾಗ ಹೋಟೆಲಿನಲ್ಲಿ ಆಯುಧಪೂಜೆ ನಡೆದಿತ್ತು. ರುಬ್ಬುವ ಯಂತ್ರ, ಕಾವಲಿ, ಇಡ್ಲಿಯ ಅಟ್ಟ, ಬಿಲ್ಲಿನ ಕಂಪ್ಯೂಟರ್, ಎಲ್ಲಕ್ಕೂ ಚೆಂಡುಹೂ. ಹೊರಗೆ ಹಿಂದಿನ ರಾತ್ರಿಯ ಗರಬಾದ ದೀಪದ ಸರಗಳು ಇನ್ನೂ ಉರಿಯುತ್ತಿದ್ದವು. ಹೊಸ ಯಂತ್ರವನ್ನು ಟೆಂಪೋಗೆ ಏರಿಸಿ ಹಿತ್ತಲ ಬಾಗಿಲಿಗೆ ಹೋದೆ. ಅಮ್ಮ ಹಳೆಯ ಯಂತ್ರದ ಮುಂದೆ ನೆಲದ ಮೇಲೆ ಕೂತಿದ್ದರು. ಮುಂಬಾಗಿಲು ತೆಗೆದಿತ್ತು. ಪಕ್ಕದಲ್ಲಿ ಅವರ ಗಂಡನ ಕಾಲದ ಸ್ಪಿರಿಟ್ ಬಾಟಲಿ, ನೆಲದ ಮೇಲೆ ದೀಪಕ್ಕೆ ಹಾಕುವ ಹತ್ತಿಯ ಬತ್ತಿಗಳು, ಎಲ್ಲ ಕೆಂಪಗೆ. ನಾನು ಬಗ್ಗಿ ನೋಡಿದೆ. ಬಾಗಿಲ ಹತ್ತಿರದ ರಿಲೇಯ ತಗಡು ತೊಳೆದಿಟ್ಟ ಚಮಚದ ಹಾಗೆ ಹೊಳೆಯುತ್ತಿತ್ತು. ಬೊಟ್ಟಿರಲಿಲ್ಲ.

"ಪ್ರತಿ ವರ್ಷ ಹಳೆಯದನ್ನು ಒರೆಸಿಯೇ ಅವರು ಹೊಸತು ಇಡ್ತಾ ಇದ್ದದ್ದು," ಎಂದರು. "ನನಗೆ ಗೊತ್ತಿತ್ತು. ಗೊತ್ತಿದ್ದೇ ನಿಮಗೆ ಬೇಡ ಹೇಳಿದೆ. ಈಗ ತೆಗೆದಿದ್ದೇನೆ. ಒಮ್ಮೆ ಹಾಕಿ ನೋಡಿ."

ಅವರ ಯಂತ್ರದ ಟ್ರಾನ್ಸ್‌ಫಾರ್ಮರ್ ಉಧ್ನಾದಲ್ಲಿ ನನ್ನ ಶೆಲ್ಫಿನ ಮೇಲೆ ಬಿಚ್ಚಿ ಬಿದ್ದಿತ್ತು. ಪೆಟ್ಟಿಗೆಯೊಳಗಿನ ಕೇಬಲ್ಲಿನ ತುದಿಯಲ್ಲಿ ಏನೂ ಇರಲಿಲ್ಲ. ಅವರು ಎದ್ದು ಎರಡೂ ಬಟನ್ ಮೇಲೆ ಬೆರಳಿಟ್ಟು ಬಲಗಿವಿ ತಿರುಗಿಸಿ ನಿಂತರು. ಸ್ವಿಚ್ ಹಾಕಿದೆ. ಟಿಕ್ ಎಂದಿತು, ಅಷ್ಟೇ. ಅವರು ಕಾದರು. ಅಡುಗೆಮನೆಯಲ್ಲಿ ಯಾರೋ ಪೂಜೆಯ ಗಂಟೆ ಬಾರಿಸುತ್ತಿದ್ದರು.

ಪೂಜೆಯ ಗಂಟೆ ನಿಂತ ಮೇಲೆ ಕೇಳಿದರು. "ಹಾಗಾದ್ರೆ ಇದರಿಂದ ಆದದ್ದಲ್ಲ, ಅಲ್ವಾ?"

ಅಲ್ಲ ಎಂದರೆ ಗಂಡನ ಕೊನೆಯ ಬೊಟ್ಟನ್ನು ಅವರು ಸುಮ್ಮನೆ ಒರೆಸಿದಂತಾಗುತ್ತಿತ್ತು. ಹೌದು ಎಂದರೆ ಯಂತ್ರವನ್ನು ಅವರೇ ಸುಟ್ಟಂತೆ. ಒಮ್ಮೆ ಸುಳ್ಳು ಹೇಳಿ ಒಂದು ತಿಂಗಳು ನಿದ್ದೆ ಕೆಡಿಸಿಕೊಂಡಿದ್ದೆ, ಇನ್ನೊಂದು ನನ್ನಿಂದ ಆಗಲಿಲ್ಲ.

"ಅದರಿಂದನ ಆದದ್ದು ರೀ ಅಮ್ಮಾರ. ಅವತ್ತ ನಾ ಒರಸಬೇಕಾಗಿತ್ತು. ತಪ್ಪು ನಂದು. ಈಗ ಒಳಗ ಏನೂ ಉಳಿದಿಲ್ಲ."

ಅವರು ಬೆರಳುಗಳನ್ನು ಬಟನ್‌ನಿಂದ ತೆಗೆದರು. ಮುಖದಲ್ಲಿ ಏನೂ ಕಾಣಲಿಲ್ಲ, ಕಾಣದವರ ಮುಖವನ್ನು ದಿಟ್ಟಿಸಿ ನೋಡುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಮಗ ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಬಂದ. ಭಂಗಾರಿಗೆ ಹೋಗುವ ಮೊದಲು ಇದಕ್ಕೂ ಒಂದು ಬೊಟ್ಟು ಇಡೋಣ, ಪಪ್ಪ ಇಡುತ್ತಿದ್ದರಲ್ಲ ಎಂದು ಬಾಗಿಲೊಳಗೆ ಬಗ್ಗಿದ. ಅಮ್ಮ ಕೈಚಾಚಿ ಅವನ ಮಣಿಕಟ್ಟನ್ನು ಹಿಡಿದರು. ಒಂದೇ ಸಲಕ್ಕೆ, ತಡಕಾಡದೆ.

"ಅದಕ್ಕೆ ಬೇಡ," ಎಂದರು. "ಕೆಲಸ ಮಾಡುವುದಕ್ಕೆ ಇಡು."

ಮಗ ನನ್ನ ಮುಖ ನೋಡಿದ. ಆಮೇಲೆ ತಟ್ಟೆ ಹಿಡಿದುಕೊಂಡು ಮೂಲೆಯ ಪಾರ್ಸೆಲ್ ಮೇಜಿನ ಕಡೆಗೆ ಹೋದ.